ಮೂರನೇ ಪುಟದ ಹೆಣ

“ಮೂರ್ ತಿಂಗಳಾತಲೇ ಉದ್ಯಾ! ಆ ಸೂಳೆಮಗನ ಹೆಣ ಇನ್ನಾ ಮ್ಯಾಲೇ ತೇಲಾಕತ್ತದಲ್ಲೋ!”

ಲಕ್ಷ್ಮಿಕಾಂತ ಸಾವ್ಕಾರ ತನ್ನ ಫೋನನ್ನು ಮೇಜಿನ ಮೇಲೆ ಕುಕ್ಕಿದ. ಅದು ಜಾರಿ ಬಂದು ನನ್ನ ಕೀಬೋರ್ಡಿಗೆ ತಾಗಿ ನಿಂತಿತು. ಅವನ ಗಣಿ ನೋಡಿಕೊಳ್ಳುವ ಮುನ್ಶಿ ವಾಡಿಯ ಚಹದಂಗಡಿಯಲ್ಲಿ ಕದ್ದು ತೆಗೆದ ಫೋಟೊ ಅದು. ಯಾರೋ ಕೂಲಿಯವನ ಕೈಯಲ್ಲಿ ಮೊಬೈಲು, ಆ ಮೊಬೈಲಿನಲ್ಲಿ ದಶರಥ ಕಾಕಾ. ಎದೆಯವರೆಗೆ ಮಣ್ಣು ಮತ್ತು ಫರ್ಸಿ ಕಲ್ಲು. ಒಂದು ಕೈ ಮಾತ್ರ ಹೊರಗೆ.

ಆ ಕೈ ನನಗೆ ಗೊತ್ತು. ನಾನು ಅಕ್ಷರ ಕಲಿತದ್ದೇ ಆ ಕೈ ತೆಳ್ಳಗೆ ಸೀಳಿ, ಅಂಚು ತಿಕ್ಕಿ ಕೊಟ್ಟ ಫರ್ಸಿ ತುಂಡಿನ ಮೇಲೆ. ನಮ್ಮ ಓಣಿಯ ಮಕ್ಕಳಿಗೆಲ್ಲ ಅದೇ ಪಾಟಿ. ಒಡೆದರೆ ಕಾಕಾ ಇನ್ನೊಂದು ಸೀಳಿ ಕೊಡುತ್ತಿದ್ದ.

“ಕಂಪನಿ ಹೆಸರ್ ಹಾಕಿ ನೋಡ್ರಿ ಸಾವ್ಕಾರ್ರೇ, ಒಂದ್ ಕೆಟ್ಟ ಮಾತು ಬರಂಗಿಲ್ಲ,” ಎಂದ ನಮ್ಮ ಆಫೀಸಿನ ಮಾಲೀಕ ಉದಯಕುಮಾರ.

“ಕಂಪನಿ ಹೆಸರು ಯಾವ ಕೂಲಿಯವ ಹೇಳ್ತಾನೋ ಭಾಡ್ಯಾ? ಫೋನಿಗಿ ಬಾಯಿ ಹಚ್ಚಿ ಅದೇನೋ ಒದರ್ತಾರಂತ, ಹೆಣ ಎದ್ದು ಬರ್ತದಂತ. ಏನ್ ಒದರ್ತಾರ ಅದ ಹೇಳು ಮೊದ್ಲ.”

ಶಹಾಬಾದಿನ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆ ಮೇಲೆ ನಮ್ಮ ಆಫೀಸು. ಜನ ಫೋನಿನಲ್ಲಿ ಒಂದು ಹೆಸರು ಹುಡುಕಿದರೆ ಮೊದಲು ಏನು ಕಾಣಬೇಕು, ಏನು ಕಾಣಬಾರದು ಅನ್ನುವುದನ್ನು ಏರ್ಪಾಡು ಮಾಡುವುದೇ ನಮ್ಮ ಕಸುಬು. ಹಲ್ಲಿನ ಡಾಕ್ಟರು, ಮದುವೆ ಹಾಲಿನವರು, ಕೋಚಿಂಗ್ ಕ್ಲಾಸಿನವರು ಬರುತ್ತಿದ್ದರು. ಅವರದು ಮೇಲೆ ತರುವ ಕೆಲಸ. ಸಾವ್ಕಾರನದು ಮುಳುಗಿಸುವ ಕೆಲಸ.

ಅವನ ಗಣಿಯಲ್ಲಿ ದಡ ಕುಸಿದು ದಶರಥ ಕಾಕಾ ಸತ್ತಿದ್ದ. ಜೊತೆಗೆ ಕಲ್ಲು ಕೀಳುತ್ತಿದ್ದ ದಿಲೀಪ ಅದನ್ನು ಫೋನಿನಲ್ಲಿ ಹಿಡಿದು, ನಮ್ಮ ಓಣಿಯವರು ಗಣಿಯನ್ನು ಕರೆಯುವ ಹೆಸರಿನಲ್ಲೇ ಅಲ್ಲಿಂದ ಇಂಟರ್ನೆಟ್ಟಿಗೆ ಹಾಕಿದ್ದ. ಮುನ್ಶಿ ಅವನ ಫೋನು ಕಿತ್ತು ಗಣಿಯ ನೀರಿಗೆ ಎಸೆದ. ದಿಲೀಪ ಹೆದರಿ ಹೈದರಾಬಾದಿಗೆ ಓಡಿದ. ವಿಡಿಯೊ ಮಾತ್ರ ಉಳಿಯಿತು. ನಮ್ಮವರು ಯಾರೂ ಅದನ್ನು ತಮ್ಮ ಫೋನಿನಲ್ಲಿ ತುಂಬಿಸಿಕೊಳ್ಳಲಿಲ್ಲ. ಮುನ್ಶಿ ಫೋನು ಜಪ್ತಿ ಮಾಡಿ ನೋಡುತ್ತಾನೆಂಬ ಅಂಜಿಕೆ ಒಂದು. ಹೆಸರು ಹಿಡಿದು ಕರೆದರೆ ತಾನಾಗಿ ಬರುವುದನ್ನು ಯಾಕೆ ಕಟ್ಟಿಟ್ಟುಕೊಳ್ಳಬೇಕು ಎಂಬ ನಂಬಿಕೆ ಇನ್ನೊಂದು. ಬರೆಯಲು ಬಾರದವರು ಮೈಕಿನ ಗುರುತು ಒತ್ತಿ ಹೆಸರು ಹೇಳುತ್ತಿದ್ದರು. ಅದು ಬರುತ್ತಿತ್ತು.

“ಪ್ರೀತಿ, ನೀ ಅದೇ ಓಣಿಯಾಕಿ ಅಲ್ಲಾ?” ಎಂದ ಉದಯಕುಮಾರ.

ಸಾವ್ಕಾರ ಮೊದಲ ಸಲ ನನ್ನ ಕಡೆ ನೋಡಿದ. “ಖಣಿ ಪೋರಿ ಏನಿದು? ಕುರ್ಚಿ ಮ್ಯಾಲ ಕುಂತದಲ್ಲೋ!”

ನಾನು ಎದ್ದು ನಿಂತೆ. ಯಾರೂ ಏಳು ಅಂದಿರಲಿಲ್ಲ.

ಆ ಗಣಿ ಇರುವ ಜಾಗದಲ್ಲಿ ಹಿಂದೆ ಎರಡು ಬೇವಿನ ಮರ ಇದ್ದವು. ಗಣಿ ತೆರೆಯುವಾಗ ಸಾವ್ಕಾರನೇ ಅವನ್ನು ಕಡಿಸಿದ್ದ. ಮರ ಹೋಗಿ ಹದಿನೈದು ವರ್ಷವಾಗಿದೆ, ಹೆಸರು ನಮ್ಮ ಬಾಯಿಯಲ್ಲಿ ಮಾತ್ರ ಇದೆ. ಯಾವ ಕಾಗದದಲ್ಲೂ ಇಲ್ಲ. ನಾನು ಗೊತ್ತಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ತಲೆಯ ಮೇಲೆ ಯಾರೂ ಕತ್ತಿ ಹಿಡಿದಿರಲಿಲ್ಲ. ಮನೆಯಲ್ಲಿ ಉಪವಾಸವೂ ಇರಲಿಲ್ಲ. ಇದ್ದದ್ದು ಇಷ್ಟೇ: ನನ್ನವ್ವ ಮಾಣಿಕಮ್ಮ ಈಗಲೂ ಪಾಲಿಶ್ ಮಷಿನ್ನಿನ ಮುಂದೆ ಕಲ್ಲಿನ ಕೆಸರಿನಲ್ಲಿ ನಿಲ್ಲುತ್ತಾಳೆ, ನಾನು ಫ್ಯಾನಿನ ಕೆಳಗೆ ಕೂರುತ್ತೇನೆ, ಕೆಳಗಿನ ಅಂಗಡಿಯವರು ನನ್ನನ್ನು ಮೇಡಂ ಅನ್ನುತ್ತಾರೆ.

“ಜೋಡಿಬೇವಿನ ಖಣಿ ಅಂತಾರ್ರಿ,” ಎಂದೆ.

ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಅನ್ನುವ ಸೊಕ್ಕೂ ಆ ದನಿಯಲ್ಲಿತ್ತು. ಅದನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

“ನೋಡಪಾ, ಕಲ್ಲು ಒಡಿಯೋರ ಮನ್ಯಾಗೂ ತಲಿ ಇರ್ತದ,” ಎಂದು ಸಾವ್ಕಾರ ನಕ್ಕ. ಚಹ ಬಂತು. ಅವರಿಬ್ಬರಿಗೆ ಪಿಂಗಾಣಿ ಕಪ್ಪು, ನನಗೆ ಕಾಗದದ್ದು. ಕುಡಿದೆ.

*

ಮರುದಿನದಿಂದ ನಾನೇ ಬರೆದೆ. ‘ಜೋಡಿಬೇವಿನ ಗಣಿಯಲ್ಲಿ ಉಚಿತ ಕಣ್ಣು ತಪಾಸಣೆ’. ‘ಜೋಡಿಬೇವಿನ ಗಣಿ ಕಾರ್ಮಿಕರಿಗೆ ಛತ್ರಿ ವಿತರಣೆ’. ‘ಜೋಡಿಬೇವಿನ ಗಣಿ ಬಳಿ ಸಾವಿರ ಸಸಿ ನೆಟ್ಟ ಲಕ್ಷ್ಮಿಕಾಂತ ಅವರು’. ಸಸಿಯೂ ಇಲ್ಲ, ಛತ್ರಿಯೂ ಇಲ್ಲ. ಸುದ್ದಿಪತ್ರಿಕೆಯಂತೆ ಕಾಣುವ ಹನ್ನೆರಡು ಜಾಲತಾಣ ಉದಯಕುಮಾರನ ಬಳಿ ಇದ್ದವು. ಒಂದರಲ್ಲಿ ಬರೆದದ್ದಕ್ಕೆ ಇನ್ನೊಂದು ಸಾಕ್ಷಿ ಹೇಳುತ್ತಿತ್ತು.

“ಸಾವಿಂದೂ ಒಂದ್ ಬರಿಬೇಕ್ ಪ್ರೀತಿ,” ಎಂದ ಅವನು. “ಸಾವು ಹುಡುಕಿದವರಿಗಿ ಸಾವೇ ಸಿಗಬೇಕು. ಆದ್ರ ನಮ್ಮ ಸಾವು ಸಿಗಬೇಕು. ಕುಡದು ಹಳೇ ಖಣಿ ನೀರಾಗ ಬಿದ್ದ ಅಂತ ಬರಿ.”

“ಅಂವ ಕುಡಿತಿರಲಿಲ್ರಿ.”

“ಅಂವ ಬಂದು ಓದ್ತಾನೇನ್?”

ದಶರಥ ಕಾಕಾ ನಾಲವಾರದ ಮಠದಲ್ಲಿ ಆಣೆ ಮಾಡಿ ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಪ್ರತಿ ಅಮಾಸಿಗೆ ಹೆಂಡತಿ ಚಂದಮ್ಮನ ಜೊತೆ ರೈಲು ಹತ್ತಿ ಹೋಗಿ ಬರುತ್ತಿದ್ದ. ಬರುವಾಗ ನಮ್ಮ ಮನೆಗೂ ಪ್ರಸಾದ ತರುತ್ತಿದ್ದ. ಇದೆಲ್ಲ ಗೊತ್ತಿದ್ದು, ‘ಮದ್ಯದ ಅಮಲಿನಲ್ಲಿದ್ದ ದಶರಥ ಎಂಬಾತ ಕಾಲು ಜಾರಿ’ ಎಂದು ಬರೆದೆ. ‘ಗಣಿಯ ಕಾರ್ಮಿಕನಲ್ಲ ಎಂದು ತಿಳಿದುಬಂದಿದೆ’ ಎಂಬ ಸಾಲನ್ನು ಉದಯಕುಮಾರ ಹೇಳಿರಲಿಲ್ಲ. ಬರಹ ಗಟ್ಟಿಯಾಗಲಿ ಅಂತ ನಾನೇ ಸೇರಿಸಿದೆ.

ಆಮೇಲೆ ಹಲಗೆಯ ಮೇಲೆ ಇಪ್ಪತ್ತು ಫೋನು ಸಾಲಾಗಿ ಇಟ್ಟರು. ಒಂದೊಂದಕ್ಕೂ ಬಾಯಿ ಹಚ್ಚಿ ‘ಜೋಡಿಬೇವಿನ ಖಣಿ’ ಅನ್ನಬೇಕು, ಬಂದದ್ದರಲ್ಲಿ ನಮ್ಮ ಪುಟವನ್ನೇ ತೆರೆಯಬೇಕು, ಓದಿದಂತೆ ಸ್ವಲ್ಪ ಹೊತ್ತು ಬಿಡಬೇಕು, ಮತ್ತೆ ಅನ್ನಬೇಕು. ದಿನವಿಡೀ ಅದೇ. ನಾನು ನನ್ನವ್ವನ ಹಾಗೆ ಅಂದೆ, ಚಂದಮ್ಮ ಚಿಗವ್ವನ ಹಾಗೆ ಅಂದೆ. ಹನ್ನೆರಡನೇ ದಿನಕ್ಕೆ ವಿಡಿಯೊ ಹುಡುಕಾಟದ ಮೂರನೇ ಪುಟಕ್ಕೆ ಇಳಿಯಿತು. ನಮ್ಮ ಕಸುಬಿನಲ್ಲಿ ಮೂರನೇ ಪುಟ ಅಂದರೆ ಮಣ್ಣು ಮಾಡಿದ ಹಾಗೆ. ಅಲ್ಲಿಗೆ ಯಾರೂ ಇಳಿದು ನೋಡುವುದಿಲ್ಲ.

ಉದಯಕುಮಾರ ಪೇಢೆ ಹಂಚಿದ.

*

ಚಂದಮ್ಮ ಚಿಗವ್ವನದು ನಮ್ಮ ಗೋಡೆಗೆ ಹತ್ತಿದ ಮನೆ. ಒಂದು ಸಂಜೆ ಫೋನು ಹಿಡಿದುಕೊಂಡು ಬಂದಳು.

“ಪ್ರೀತಿ, ಇದಕ್ಕೇನಾಗ್ಯದ ನೋಡವಾ. ನಿಮ್ಮ ಕಾಕಾ ಬರವಲ್ಲ.”

ನಾನು ಆ ಫೋನಿಗೆ ಕೈ ಚಾಚಲಿಲ್ಲ.

“ನಾ ಪೂರಾ ನೋಡಿಲ್ಲವಾ. ನೋಡಬ್ಯಾಡ ಚಿಗವ್ವ ಅಂದಾನ ದಿಲೀಪ. ಕಲ್ಲು ಬಿದ್ದದ್ದೇ ಜೀವ ಹೋತು, ತ್ರಾಸ್ ಆಗಲಿಲ್ಲ ಅಂದಾನ. ಆದ್ರ ದಿನಾ ಸಂಜಿಕಿ ಹೆಸರು ಹೇಳಿ, ಅದ ಏನಿಲ್ಲ ಅಂತ ಅಷ್ಟೇ ನೋಡಿ ಇಡ್ತಿದ್ದೆ. ಗುರುವಾರ ಪರಿಹಾರದ ಸಾಹೇಬ ಬರ್ತಾನಂತ. ಖಣಿದಾಗ ಸತ್ತದ್ದಕ್ಕ ಸಬೂತ್ ಏನದ ಅಂತ ಕೇಳಿದ್ರ ಇದೇ ಅಲ್ಲಾ ತೋರ್ಸೋದು?”

ಮೈಕಿನ ಗುರುತು ಒತ್ತಿ ಫೋನನ್ನು ತುಟಿಗೆ ಹಿಡಿದು, “ಜೋಡಿಬೇವಿನ ಖಣಿ,” ಅಂದಳು. ಛತ್ರಿ ಬಂತು. ಇನ್ನೊಮ್ಮೆ ನಿಧಾನವಾಗಿ ಅಂದಳು. ಸಸಿ ಬಂತು. ಮೂರನೇ ಸಲ ಜೋರಾಗಿ, ಕಿವುಡರಿಗೆ ಹೇಳುವ ಹಾಗೆ ಅಂದಳು.

“ಅತ್ತು ಅತ್ತು ನನ್ನ ನಾಲಿಗಿ ದಪ್ಪ ಆಗ್ಯದೇನವಾ? ಅದಕ್ಕ ತಿಳಿವಲ್ದು. ನೀ ಅನ್ನು, ನೀ ಕಲತಾಕಿ.”

“ನೆಟ್ವರ್ಕ್ ಇಲ್ಲ ಚಿಗವ್ವ,” ಎಂದೆ. ಅದಕ್ಕಿಂತ ಒಳ್ಳೆಯ ಸುಳ್ಳು ಬಾಯಿಗೆ ಬರಲಿಲ್ಲ.

“ಹಂಗಂದ್ರ ಗುರುವಾರ ನೀನೇ ಬಾ ನನ್ ಜೋಡಿ. ನಿನಗ ಆದ್ರೂ ಓಗೊಡ್ತಾನ.”

ಅವಳು ಹೋದ ಮೇಲೂ ಗೋಡೆಯ ಆಚೆಯಿಂದ ಅವಳ ದನಿ ಕೇಳುತ್ತಿತ್ತು. ಫೋನಿಗೆ ಹೆಸರು ಹೇಳುತ್ತಿದ್ದಳು, ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ. ನನ್ನವ್ವ ಕೆಲಸದಿಂದ ಬಂದು ಕಲ್ಲಿನ ಪುಡಿ ತೊಳೆಯುತ್ತ, “ಪಾಪ,” ಅಂದಳು. ನಾನು ತಟ್ಟೆಯ ಮುಂದೆ ಕೂತಿದ್ದೆ. ರೊಟ್ಟಿಯನ್ನು ಮತ್ತೆ ಬುಟ್ಟಿಗೆ ಇಟ್ಟೆ.

ಗುರುವಾರ ಬೆಳಿಗ್ಗೆ ಆಫೀಸಿಗೆ ಹೋಗಿ ಮುಳುಗಿಸಬೇಕಾದದ್ದರ ಪಟ್ಟಿ ತೆರೆದೆ. ಮೊದಲ ಸಾಲಿನಲ್ಲೇ ಆ ವಿಡಿಯೊದ ವಿಳಾಸ ಇತ್ತು. ದಿನಾ ಅದು ಎಷ್ಟು ಇಳಿಯಿತೆಂದು ಅಳೆಯಲು ನಾವೇ ಇಟ್ಟುಕೊಂಡದ್ದು. ಆ ಪಟ್ಟಿಯನ್ನು ನನ್ನ ಫೋನಿಗೆ ಕಳಿಸಿಕೊಂಡೆ. ತೋರಿಸುವ ಧೈರ್ಯ ಇತ್ತು ಅಂತ ಸುಳ್ಳು ಹೇಳಲಾರೆ. ಬರೀ ಕಳಿಸಿಕೊಂಡೆ, ಅಷ್ಟೆ.

*

ಸಾಹೇಬರು ಊರ ಸಮುದಾಯ ಭವನದಲ್ಲಿ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಸಾವ್ಕಾರ, ಅವನ ಹಿಂದೆ ಮುನ್ಶಿ. ಚಿಗವ್ವ ನೆಲದ ಮೇಲೆ, ಅವಳ ಪಕ್ಕ ನಾನು. ನಮ್ಮ ಕೆಳಗೆ ಹಾಸಿದ್ದು ಅದೇ ಗಣಿಯ ಫರ್ಸಿ.

“ಹಾಜರಿ ಪಟ್ಟಿಯಲ್ಲಿ ನಿನ್ನ ಗಂಡನ ಹೆಸರೇ ಇಲ್ಲವಲ್ಲಮ್ಮ,” ಎಂದರು ಸಾಹೇಬರು.

“ಯಾರ ಹೆಸರೂ ಇರಂಗಿಲ್ರಿ. ಪಟ್ಟಿನೇ ಇಲ್ಲ.”

“ಏ ಚಂದಿ, ನಾಲಿಗಿ ಬಿಗಿ ಹಿಡಿ,” ಎಂದ ಸಾವ್ಕಾರ. “ಸಾಹೇಬ್ರೇ, ಕುಡುಕ ಸತ್ರ ಹೆಂಡ್ರಿಗಿ ಹಬ್ಬ. ನಾವ್ ಹೇಳೋದ್ ಬ್ಯಾಡ, ನಿಮ್ಮ ಫೋನಿನ್ಯಾಗೇ ನೋಡ್ರಿ. ಜೋಡಿಬೇವಿನ ಖಣಿ ಸಾವು ಅನ್ರಿ.”

ನಾನು ಕೊಟ್ಟ ಹೆಸರು ಅವನ ಬಾಯಿಯಲ್ಲಿ ಸಲೀಸಾಗಿ ಬಂತು. ಸಾಹೇಬರು ಫೋನಿಗೆ ಅಂದರು. ನೋಡಿದರು. ತಲೆಯಾಡಿಸಿದರು.

“ಪತ್ರಿಕೆಯಲ್ಲೇ ಬಂದಿದೆಯಲ್ಲ! ಇವಳಿಗೆ ತಿಳಿಯಲಿ, ಯಾರಾದರೂ ಓದಿ ಹೇಳಿ.”

“ನಮ್ ಹುಡುಗಿ ಓದ್ತದರಿ,” ಎಂದು ಚಿಗವ್ವ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದೆ ನೂಕಿದಳು. ಆ ನೂಕುವಿಕೆಯಲ್ಲಿ ಹೆಮ್ಮೆ ಇತ್ತು.

ಓದಿದೆ. ಸಾಹೇಬರ ಫೋನಿನಲ್ಲಿದ್ದ ನನ್ನ ಬರಹವನ್ನು ನಾನೇ, ಅವಳ ಕೈ ನನ್ನ ಬೆನ್ನ ಮೇಲಿರುವಾಗಲೇ ಓದಿದೆ. ‘ಮದ್ಯದ ಅಮಲಿನಲ್ಲಿದ್ದ’ ಎಂಬಲ್ಲಿ ಚಿಗವ್ವ ತಡೆದಳು.

“ಕುಡದಿದ್ದ ಅಂದ್ರೇನು? ಮಠದ ಅಜ್ಜಾರ ಮುಂದ ಆಣಿ ಮಾಡಿದಂವ ರೀ ಅಂವ! ಯಾವ ಹಲ್ಕಟ್ ಸೂಳೆಮಗ ಬರದಾನ ಇದನ್ನ? ಅವನ ಕೈಗಿ ಹುಳ ಬೀಳಲಿ!”

“ನಾ ಬರದೀನಿ ಚಿಗವ್ವ.”

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಚಿಗವ್ವನಿಗಂತೂ ಇಲ್ಲ. ನಾನು ಓದಿದ್ದನ್ನೇ ಹೇಳುತ್ತಿದ್ದೇನೆ ಎಂಬಂತೆ ಬಾಯಿ ತೆರೆದು ನೋಡಿದಳು.

“ಆಫೀಸಿನ್ಯಾಗ ಕುಂತು ನಾನೇ ಬರದೀನಿ. ಖಣಿ ಹೆಸರು ಇವರಿಗಿ ಕೊಟ್ಟಾಕಿನೂ ನಾನೇ. ನಿನ್ನ ನಾಲಿಗಿಗಿ ಏನೂ ಆಗಿಲ್ಲ. ಕಾಕಾನ್ನ ಮುಚ್ಚಿದಾಕಿ ನಾನು.”

ಬೆನ್ನ ಮೇಲಿನ ಕೈ ಹೋಯಿತು. ಅವಳು ಕುಂಡಿ ಎಳೆದುಕೊಂಡು ಒಂದು ಮೊಳ ಆಚೆ ಸರಿದಳು.

“ಏ ಪೋರಿ! ಸಾಹೇಬ್ರ ಮುಂದ ನಾಟಕ ಮಾಡ್ತೀ?” ಸಾವ್ಕಾರ ಎದ್ದ. “ಮುನ್ಶಿ, ಆಕಿ ಫೋನ್ ಕಸ್ಕೋ.”

ಅಷ್ಟರಲ್ಲಿ ನನ್ನ ಫೋನು ತೆಗೆದು ಪಟ್ಟಿಯ ಮೊದಲ ಸಾಲನ್ನು ಒತ್ತಿದ್ದೆ. ಮೂರನೇ ಪುಟಕ್ಕೆ ಇಳಿಯದೆಯೇ ವಿಡಿಯೊ ತೆರೆದುಕೊಂಡಿತು. ಫೋನನ್ನು ಸಾಹೇಬರ ಮುಂದಿನ ಮೇಜಿನ ಮೇಲೆ ಇಟ್ಟೆ. ನಾನೂ ಅದನ್ನು ಯಾವತ್ತೂ ಕೊನೆಯತನಕ ನೋಡಿರಲಿಲ್ಲ. ಮುಳುಗಿಸಲು ನೋಡಬೇಕಾಗಿರಲಿಲ್ಲ.

ಸಾವ್ಕಾರನ ಹೆಸರು ಬರೆದ ಟ್ರಾಕ್ಟರು. ಅರ್ಧ ಮಣ್ಣಿನಲ್ಲಿ ಸಿಕ್ಕ ಕಲ್ಲು ಕೊಯ್ಯುವ ಮಷಿನ್ನು. ಮುನ್ಶಿ ಕಿರುಚುತ್ತಿದ್ದ: “ಸಾವ್ಕಾರ್ರು ಫೋನ್ ಮಾಡ್ಯಾರ, ಮೊದ್ಲ ಮಷಿನ್ ತಗೀರಿ! ಅಂವ ಆಮ್ಯಾಲ!” ಮತ್ತೆ ಇನ್ನೊಂದು ದನಿ, ಸಣ್ಣದು, ಕಲ್ಲಿನ ಸಂದಿಯಿಂದ: “ಯಪ್ಪಾ, ನೀರ್ ಕೊಡ್ರೋ…”

ಕಲ್ಲು ಬಿದ್ದದ್ದೇ ಜೀವ ಹೋಯಿತು, ತ್ರಾಸಾಗಲಿಲ್ಲ ಎಂದು ನಂಬಿ ಇಷ್ಟು ದಿನ ಕಳೆದವಳು ಅಲ್ಲೇ ಕೂತಿದ್ದಳು. ಅವಳಿಗಿದ್ದ ಒಂದೇ ಸಮಾಧಾನವನ್ನೂ ನಾನೇ ಕಿತ್ತುಕೊಂಡಿದ್ದೆ. ಬೇಗ ಕೈ ಚಾಚಿ ಫೋನು ಬಂದ್ ಮಾಡಲು ಹೋದೆ.

“ಮುಟ್ಟಬ್ಯಾಡ.”

ಚಂದಮ್ಮ ಚಿಗವ್ವ ನೆಲದಿಂದ ಎದ್ದಳು. ಫೋನು ಕಸಿಯಲು ಬಂದ ಮುನ್ಶಿಯನ್ನು ಮೊಣಕೈಯಿಂದ ತಳ್ಳಿದಳು. ಸಾವ್ಕಾರ ಎದ್ದು ಬಿಟ್ಟಿದ್ದ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದು ಕೂತಳು. ನನ್ನ ಮುಖ ನೋಡಲಿಲ್ಲ.

“ಸಾಹೇಬ್ರೇ, ಪೆನ್ನು ಹಿಡೀರಿ,” ಎಂದಳು. ಆಮೇಲೆ, ಯಾರೋ ಗುರುತಿಲ್ಲದವರಿಗೆ ಹೇಳಿದ ಹಾಗೆ ನನಗೆ:

“ಆವಾಜ್ ಜೋರ್ ಮಾಡು. ಮೊದಲಿಂದ ಹಚ್ಚು.”

ಹಚ್ಚಿದೆ.