ಖಾಲಿ ಚೀಲಗಳ ಸಾಕ್ಷಿ

ಶ್ರಾವಣದ ಮಳೆ ಬೆಳಿಗ್ಗೆಯೇ ಒಂದು ಸುತ್ತು ಸುರಿದು ಹೋಗಿತ್ತು. ಮುಂಬೈಯ ಭಾಂಡುಪಿನಲ್ಲಿ ಸಮುದ್ರ ಒಳನುಗ್ಗುವ ಖಾಡಿಯ ನೀರು ಇಳಿದಿತ್ತು. ಸೋಮವ್ವ ಮತ್ತು ಅವಳ ಸಂಘದ ಹೆಂಗಸರು ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ಕೆಸರಿನಲ್ಲಿ ಕಾಂಡ್ಲಾ ಸಸಿ ನೆಡುತ್ತಿದ್ದರು. ಉಪ್ಪುನೀರಿನಲ್ಲೂ ಬೇರು ಬಿಡುವ ಗಿಡವದು. ಕಲಬುರಗಿ ಕಡೆ ಹೊಲ ಬಿತ್ತಿ ಬಂದ ಕೈಗಳು; ಹಾಡಿಲ್ಲದೆ ಕೆಲಸ ಸಾಗದು. ಕಪ್ಪು ಪ್ಲಾಸ್ಟಿಕ್ ಚೀಲದಿಂದ ಸಸಿ ಬಿಡಿಸುವುದು, ಊರುವುದು, ಖಾಲಿ ಚೀಲ ಸೊಂಟಕ್ಕೆ ಸಿಕ್ಕಿಸುವುದು. ಸಂಜೆ ಸೋಮವ್ವ ಎಲ್ಲರ ಚೀಲ ತೊಳೆದು, ನೂರು ನೂರು ಕಟ್ಟಿ ಅಟ್ಟಕ್ಕೆ ಒಟ್ಟುತ್ತಿದ್ದಳು.

"ಇದೇನು ಮನೀನೋ, ರದ್ದಿ ಅಂಗಡೀನೋ?" ಎಂದು ಗಂಡ ಖಂಡಪ್ಪ ನಗುತ್ತಿದ್ದ.

ಅಂದು ಮಧ್ಯಾಹ್ನಕ್ಕೆ ಸಸಿ ಮುಗಿದವು. ಅವರ ಮನೆಗಳಿದ್ದ ಚಾಳಿನ ಎದುರಿನ ದಂಡೆ ಮಾತ್ರ ಇನ್ನೂ ಬೋಳಾಗಿಯೇ ಇತ್ತು. ಅಮಾವಾಸ್ಯೆಯ ದೊಡ್ಡ ಭರತಿಗೆ ಸಮುದ್ರ ಉಕ್ಕಿ, ಖಾಡಿಯ ನೀರು ನುಗ್ಗಿ ಸೋಮವ್ವನ ಒಲೆ ನೆನೆಯುತ್ತಿದ್ದುದು ಅದೇ ದಾರಿಯಿಂದ. ಗಿಡ ನೆಡಿಸುವ ಸಂಸ್ಥೆಯ ಸೂಪರ್‌ವೈಸರ್ ಕಾಶಿನಾಥ ದಂಡೆಗೆ ಬೋರ್ಡು ನೆಟ್ಟು, ಕಾಗದ ಚಾಚಿದ.

"ಸೋಮವ್ವಾ, ಸಂಘದ ಅಧ್ಯಕ್ಷರು ನೀವು. ಕಾಮ್ ಪೂರಾ, ಕೆಲಸ ಮುಗೀತು ಅಂತ ಇಲ್ಲಿ ಸಹಿ ಹಾಕಿ."

"ನಾಳೆ ಬರ್ರಿ ಸಾಹೇಬ್ರ, ಕೈ ಕೆಸರಾಗ್ಯಾವ," ಎಂದು ಕಾಗದ ಇಸಿದುಕೊಂಡ ಸೋಮವ್ವ, ಸಂಜೆ ಪಕ್ಕದ ಮನೆಯ ಶಿವಕುಮಾರಿಯನ್ನು ತನ್ನ ಮನೆಗೆ ಕರೆದು ತೋರಿಸಿದಳು. ಪವಾಯಿಯ ಆಫೀಸೊಂದರಲ್ಲಿ ಚಹಾ ಮಾಡುವ ಶಿವಕುಮಾರಿ ಓದಬಲ್ಲವಳು.

"ಯವ್ವಾ, ಹತ್ತು ಸಾವಿರ ಗಿಡ ಅಂತ ಬರದಾರಲ್ಲ! ಬೋರ್ಡಿನಾಗೂ ಅದೇ ಅದ."

"ಇದ್ರೂ ಇರಬಹುದು, ಬಿಡು," ಎಂದ ಖಂಡಪ್ಪ.

"ಹೆಂಗ ಬಿಡೋದು ಮಾವ? ಹವಾಮಾನ ಕೆಡಬಾರದು, ಕಾಡು ಉಳೀಬೇಕು ಅಂತ ದೂರದವ್ರು ಕೊಟ್ಟ ನಿಧಿ ಇದು. ಅತ್ತಿ ಸಹಿ ಹಾಕಿದ್ಳಂದ್ರ ಮುಗೀತು, ಬೋಳು ದಂಡಿ ಬೋಳೇ ಉಳೀತದ. ನಾಳೆ ಗಿಡ ಎಲ್ಲಿ ಅಂದ್ರ, ಆ ಹೆಂಗಸರೇ ಒಣಗಿಸಿದ್ರು ಅಂತಾರ."

"ಹಂಗಾದ್ರ ಗಿಡ ಎಣಿಸ್ತೀರೇನು? ಬೆಳೆಯೋ ಪೈರು ಎಣಿಸಬಾರದು, ದೃಷ್ಟಿ ತಾಗತದ. ನಮ್ಮಪ್ಪ ಎಂದಾರ ಜ್ವಾಳದ ತೆನಿ ಎಣಿಸಿದ್ನಾ?"

ಸೋಮವ್ವನೂ ಹಾಗೆಯೇ ನಂಬಿದವಳು. ಕಾಶಿನಾಥನೂ ಮೊದಲ ದಿನವೇ ಹೇಳಿದ್ದ: "ಎಣಿಸೋದು ನಿಮ್ಮಲ್ಲಿ ಅಪಶಕುನ ಅಲ್ವಾ? ಅದನ್ನ ನನಗೆ ಬಿಡಿ." ಅದು ನೆನಪಾಗಿ ಅವಳಿಗೆ ಚುರುಕ್ಕೆಂದಿತು. ಕಣ್ಣು ಅಟ್ಟದ ಮೇಲೆ ಬಿತ್ತು.

"ಗಿಡ ಎಣಿಸೋದು ಬ್ಯಾಡ. ಚೀಲ ಎಣಿಸೋಣು!"

ಖಂಡಪ್ಪ ಹೊಟ್ಟೆ ಹಿಡಿದು ನಕ್ಕ. "ಎಣಸ್ರಿ! ಹತ್ತು ಸಾವಿರಕ್ಕ ಒಂದು ಕಮ್ಮಿ ಬಂದ್ರೂ ನಿನ್ನ ಸೀರಿ ಉಟ್ಟು ಕೆಸರಿಗಿಳೀತೀನಿ!"

ಕಟ್ಟುಗಳು ಒಂದೊಂದಾಗಿ ಇಳಿದವು. ಮೂವತ್ತೆಂಟು. ಮೂರು ಸಾವಿರದ ಎಂಟುನೂರು ಚೀಲ. ಖಂಡಪ್ಪನ ನಗು ಅಲ್ಲೇ ನಿಂತಿತು.

ಬೋರ್ಡಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನಿಧಿಯವರ ದೂರಿನ ನಂಬರಿತ್ತು. ಇಡೀ ಸಂಘ ಸುತ್ತ ಕೂತಿರಲು ಶಿವಕುಮಾರಿ ಫೋನ್ ಹಚ್ಚಿದಳು. ಸೋಮವ್ವ ಕಾಗದಕ್ಕೆ ಸಹಿ ಹಾಕಲೇ ಇಲ್ಲ; ಎಂಟು ದಿನಕ್ಕೆ ನಿಧಿಯ ಕಡೆಯಿಂದ ತಪಾಸಣೆಯ ಮೇಡಂ ಬಂದರು.

"ಮಿಕ್ಕ ಗಿಡ ಸಮುದ್ರ ಕೊಚ್ಚಿಕೊಂಡು ಹೋಯ್ತು ಮೇಡಂ," ಎಂದ ಕಾಶಿನಾಥ.

ಸೋಮವ್ವ ಕಟ್ಟುಗಳನ್ನು ಮುಂದಿಟ್ಟಳು. "ಗಿಡ ಸಮುದ್ರ ತಿಂತು ಅನ್ನೋಣು ಸಾಹೇಬ್ರ. ನಮ್ಮ ಅಟ್ಟದ ಮ್ಯಾಲಿನ ಚೀಲಾನೂ ತಿಂತೇನು?"

ಮೇಡಂಗೆ ನಗು ತಡೆಯಲಾಗಲಿಲ್ಲ. ಕಾಶಿನಾಥನ ಕೆಲಸ ಹೋಯಿತು. ಗಿಡ ಪೂರ್ತಿಯಾಗುವವರೆಗೆ ಸಂಸ್ಥೆಗೆ ಮುಂದಿನ ಕಂತಿಲ್ಲ ಎಂದಾಯಿತು. ಬೋರ್ಡಿನಲ್ಲಿ ನಿಜದ ಸಂಖ್ಯೆ ಬಂತು. ಮರುವಾರವೇ ಸಸಿಯ ಟೆಂಪೋ ಚಾಳಿನ ಎದುರು ನಿಂತಿತು.

ನೀರಿಳಿದ ಹೊತ್ತಿಗೆ ಹಸಿರು ಇಳಕಲ್ ಸೀರೆಯುಟ್ಟು, ಮೀಸೆ ತಿರುವುತ್ತ ಖಂಡಪ್ಪ ಖಾಡಿಗೆ ಬಂದ.

"ನೆರಿಗಿ ಸಂಭಾಳಿಸೋ ಖಂಡವ್ವಾ!" ಹೆಂಗಸರ ನಗು ದಂಡೆಯುದ್ದಕ್ಕೂ ಹರಡಿತು. ಬೋಳು ದಂಡೆಯ ಮೊದಲ ಸಸಿಯನ್ನು ಅವನೇ ಊರಿ, ಖಾಲಿ ಚೀಲವನ್ನು ಹೆಂಡತಿಯ ಕೈಗಿತ್ತ.

"ತಗೋ, ಪಂಥದ ಸಾಲ ತೀರಿತು. ಇದನ್ನೂ ಎಣಿಸಿಡು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯ ಬದಿಗೂ ಕಾಡು ಬೆಳೆಸುವ ನಿಧಿ ಬಂದೀತು. ಬೋರ್ಡು ಓದಿಸಿ ಕೇಳಿ. ಎಷ್ಟು ಗಿಡ, ಎಲ್ಲಿ, ಯಾರ ಹಣ ಎಂದು ವಿಚಾರಿಸಿ. ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ. ಸುಳ್ಳು ಕಂಡರೆ ನಾಲ್ಕು ಜನ ಕೂಡಿ ದೂರು ಕೊಡಿ. ಎಣಿಸಿದರೆ ಗಿಡಕ್ಕೆ ದೃಷ್ಟಿ ತಾಗುವುದಿಲ್ಲ, ಕಳ್ಳತನಕ್ಕೆ ತಾಗುತ್ತದೆ. ಹಾಗೇ ಒಂದು ಸೀರೆಯನ್ನೂ ತೆಗೆದಿಡಿ. ಖಂಡಪ್ಪನಂಥವರು ನಿಮ್ಮ ಮನೆಯಲ್ಲೂ ಇದ್ದಾರು!