ಇಂಜಿನ್ನಿನ ಪಾಳಿ

ಸುರಪುರಕ್ಕೆ ರೈಲು ಇಲ್ಲ. ಇದನ್ನು ಈಶಪ್ಪ ಒಂದು ಕೊರತೆಯೆಂದು ಎಂದೂ ಎಣಿಸಿರಲಿಲ್ಲ. ಅವನ ಮನೆಯ ನಡುಕೋಣೆಯಲ್ಲಿ ಹನ್ನೆರಡು ರೈಲುಗಳಿದ್ದವು. ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜು, ಅದರ ಮೇಲೆ ಸುತ್ತಲೂ ಹಳಿ, ಹಳಿಯ ಪಕ್ಕದಲ್ಲಿ ಒಂದು ಕಾಲುವೆ. ಕಾಲುವೆಗೆ ನೀಲಿ ಬಣ್ಣ ಬಳಿದಿದ್ದರಿಂದ ಅದರಲ್ಲಿ ವರ್ಷವಿಡೀ ನೀರಿರುತ್ತಿತ್ತು. ನಿಜವಾದ ಕಾಲುವೆಯ ವಿಷಯ ಬೇರೆ.

ನಿಜವಾದ ಕಾಲುವೆಯ ಕಚೇರಿಯಲ್ಲಿ ಅವನು ನೀರಿನ ಪಾಳಿ ಬರೆಯುವ ಗುಮಾಸ್ತ. ಯಾವ ಹೊಲಕ್ಕೆ ಯಾವ ದಿನ ನೀರು ಎಂಬ ಪಟ್ಟಿ ಅವನ ಕೈಬರಹದಲ್ಲೇ ಗೋಡೆಗೆ ಏರುತ್ತಿತ್ತು. ಕಾಲುವೆಯ ತಲೆಯ ಕಡೆಯವರು ತಮ್ಮ ಪಾಳಿ ಮುಗಿದರೂ ತೂಬು ಮುಚ್ಚುತ್ತಿರಲಿಲ್ಲ. ಕೊನೆಯ ಕಡೆಯವರು, ಅಂದರೆ ಟೇಲ್ ಎಂಡಿನವರು, ಅರ್ಜಿ ಹಿಡಿದು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಆಗ ಈಶಪ್ಪ ಬರೆಯುತ್ತಿದ್ದ: ‘ತಪ್ಪಿತಸ್ಥರ ಮುಂದಿನ ಮೂರು ಪಾಳಿ ರದ್ದು.’ ಒಂಬತ್ತು ವರ್ಷಗಳಲ್ಲಿ ಆ ವಾಕ್ಯದ ಒಂದು ಅಕ್ಷರವನ್ನೂ ಅವನು ಬದಲಿಸಿರಲಿಲ್ಲ.

ಹನ್ನೆರಡರಲ್ಲಿ ಅವನಿಗೆ ಪ್ರೀತಿಯದು ಕರಿಯ ಉಗಿಬಂಡಿಯ ಇಂಜಿನ್ನು. ಜರ್ಮನಿಯದು, ಗೇಣುದ್ದ, ಕೈಯಲ್ಲಿ ಹಿಡಿದರೆ ಬೆಕ್ಕಿನ ಮರಿಯಷ್ಟು ಭಾರ. ನಂಬರು ೨೪೧೭. ಹೈದರಾಬಾದಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕಿತ್ತು. ಅದಕ್ಕೆ ಒಂದೇ ಊನವಿತ್ತು. ಉಗಿಬಂಡಿಯ ಬೆನ್ನಿಗೆ ಕಲ್ಲಿದ್ದಲು ತುಂಬಿದ ಡಬ್ಬಿಯೊಂದು ಇರಬೇಕು, ಅದು ಇರಲಿಲ್ಲ. ಬಾಲ ಉದುರಿದ ಹಲ್ಲಿಯ ಹಾಗೆ ಇಂಜಿನ್ನು ಮೇಜು ಸುತ್ತುತ್ತಿತ್ತು.

ಡಬ್ಬಿ ಯಾದಗಿರಿಯಲ್ಲಿತ್ತು. ಅಲ್ಲಿನ ನಿವೃತ್ತ ಉರ್ದು ಶಾಲೆಯ ಟೀಚರ್ ಖುರ್ಷೀದಬೇಗಂ ಅದನ್ನು ಅದೇ ಅಂಗಡಿಯಿಂದ, ಈಶಪ್ಪ ಹೋಗಿಬಂದ ಮುಂದಿನ ವಾರ ಕೊಂಡಿದ್ದರು. ಡಬ್ಬಿಯ ಮೇಲೂ ೨೪೧೭ ಎಂದಿತ್ತು. ಅವರ ಬಳಿ ಮೂವತ್ತೊಂದು ಇಂಜಿನ್ನು, ಡಬ್ಬಿಗಳಿದ್ದವು. ಎಲ್ಲವೂ ಗಾಜಿನ ಅಲಮಾರಿಯಲ್ಲಿ. ಹಳಿ ಮಾತ್ರ ಒಂದು ಮೊಳವೂ ಇರಲಿಲ್ಲ. ಓಡಿದರೆ ಚಕ್ರ ಸವೆಯುತ್ತದೆ ಎನ್ನುವುದು ಅವರ ಮಾತು. ಓಡದಿದ್ದರೆ ಅದು ರೈಲೇ ಅಲ್ಲ ಎನ್ನುವುದು ಈಶಪ್ಪನ ಮಾತು. ಅಂಗಡಿಯವನಿಂದ ವಿಳಾಸ ಪಡೆದು, ಇಂಜಿನ್ನು ಕೊಡಿ ಎಂದು ಅವರು ಕಾಗದ ಬರೆದರು. ಡಬ್ಬಿ ಕೊಡಿ ಎಂದು ಇವನು ಬರೆದ. ಹೀಗೆ ಏಳು ವರ್ಷ.

ಎಂಟನೆಯ ವರ್ಷ ಈಶಪ್ಪ ಯಾದಗಿರಿಗೆ ಹೋಗಿ, ತನಗೆ ಗೊತ್ತಿದ್ದ ಒಂದೇ ಉಪಾಯ ಹೇಳಿದ. ಇಂಜಿನ್ನು, ಡಬ್ಬಿ ಎರಡೂ ಕೂಡಿಯೇ ಇರಲಿ. ಹದಿನೈದು ದಿನ ಸುರಪುರ, ಹದಿನೈದು ದಿನ ಯಾದಗಿರಿ.

“ಕಾಲುವಿ ಆಫೀಸಿನವರ ಪಾಳಿ ನಂಬಿ ಯಾರ ಹೊಲ ಹಸರಾಗ್ಯಾದ್ರಿ?” ಎಂದರು ಖುರ್ಷೀದಬೇಗಂ.

“ಪಟ್ಟಿ ನಾನಽ ಬರೀತೀನ್ರಿ ಟೀಚರ್.”

“ಅದಕ್ಕಽ ಕೇಳಿದೆ.”

ಆದರೂ ಕಚೇರಿಯ ನಮೂನೆಯ ಮೇಲೆಯೇ ಬರೆದ ಆ ಪಟ್ಟಿಗೆ ಉರ್ದುವಿನಲ್ಲಿ ಸಹಿ ಹಾಕಿದರು. ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿ ಕೊಡುವಾಗ ಒಂದು ಮಾತು ಹೇಳಿದರು. ಒಳಗಿನ ಕಲ್ಲಿದ್ದಲು ನಿಜವಾದದ್ದು. ಯಾದಗಿರಿಗೆ ಉಗಿಬಂಡಿ ಬರುತ್ತಿದ್ದ ಕಾಲದಲ್ಲಿ ಹಳಿಯ ಪಕ್ಕ ಆರಿಸಿಟ್ಟದ್ದನ್ನು ಸಾಸಿವೆಯಷ್ಟು ಸಣ್ಣಗೆ ಒಡೆದು, ಚಿಮಟದಿಂದ ಒಂದೊಂದೇ ಚೂರು ತಾವೇ ಅಂಟಿಸಿದ್ದರು.

ಮೊದಲ ಪಾಳಿ ಸುರಪುರದ್ದು. ಈಶಪ್ಪ ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಇಪ್ಪತ್ತು ಸುತ್ತು, ಬಂದ ಮೇಲೆ ನಲವತ್ತು ಸುತ್ತು ಓಡಿಸಿದ. ಬಾಲ ಬಂದ ಮೇಲೆ ಇಂಜಿನ್ನಿನ ಸದ್ದೇ ಬದಲಾಗಿತ್ತು. ತಿರುವಿನಲ್ಲಿ ಡಬ್ಬಿ ಸ್ವಲ್ಪ ತಡವಾಗಿ ತಿರುಗುತ್ತಿತ್ತು. ಆ ತಡವನ್ನು ನೋಡಲು ಅವನು ಗಲ್ಲವನ್ನು ಮೇಜಿಗೆ ಆನಿಸಿ ಕೂರುತ್ತಿದ್ದ. ಹದಿನೈದು ದಿನ ಮುಗಿದವು. ಹದಿನಾರನೆಯ ದಿನವೂ ಓಡಿಸಿದ.

“ಕೊಟ್ಟ ಬರಂಗಿಲ್ಲೇನು?” ಹೆಂಡತಿ ಭಾಗಮ್ಮ ಕೇಳಿದಳು.

“ಅಲ್ಲಿ ಅದು ಬರೇ ನಿಲ್ಲತದ. ಇಲ್ಲಿ ಓಡಾಕತ್ತದ.”

“ತೂಬು ಮುಚ್ಚದವರೂ ಹಿಂಗಽ ಹೇಳ್ತಾರಂತ ನೀವಽ ನಗ್ತಿದ್ರಲ್ಲ. ನಮ್ಮ ಹೊಲದಾಗ ಬೆಳೀತದ, ಅವರ ಹೊಲದಾಗ ಬರೇ ಇಂಗತದ ಅಂತ.”

ಈಶಪ್ಪ ಸ್ವಿಚ್ಚು ಒತ್ತಿದ.

ಇಪ್ಪತ್ತೊಂದನೆಯ ದಿನ ಡಬ್ಬಿಯ ನಡುವೆ ಉಗುರಿನಷ್ಟು ಜಾಗ ಬೋಳಾಗಿ, ಒಣಗಿದ ಗೋಂದು ಹಳದಿಯಾಗಿ ಕಂಡಿತು. ಹಳಿಯ ಮೇಲೆ ಬೀಳುತ್ತಿದ್ದ ಕರಿಯ ಹುಡಿಯನ್ನು ಅವನು ಧೂಳೆಂದು ತಿಳಿದು ದಿನಾ ಬ್ರಷ್ಷಿನಿಂದ ಗುಡಿಸಿ ಎಸೆದಿದ್ದ. ಅವನು ತಿಪ್ಪೆಯವರೆಗೆ ಹೋಗಿ ನೋಡಿಬಂದ. ತಿಪ್ಪೆ ದೊಡ್ಡದಿತ್ತು. ಈಗ ಕೊಡುವುದು ಇನ್ನೂ ಕಷ್ಟವಾಯಿತು.

ಇಪ್ಪತ್ತಾರನೆಯ ದಿನ ಖುರ್ಷೀದಬೇಗಂ ಬಸ್ಸಿಳಿದು ನೇರ ಕಾಲುವೆ ಕಚೇರಿಗೆ ಬಂದು, ಟೇಲ್ ಎಂಡಿನವರ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಹುಲಗಪ್ಪನೆಂಬ ರೈತನಿದ್ದ. ಆ ಬೆಂಚಿನ ಮೇಲೆ ಎಲ್ಲರಿಗಿಂತ ಹಳಬ.

“ಎಷ್ಟ ಎಕರೆ ಅದರೀ ಯಮ್ಮಾ ನಿಮ್ದು?”

“ಎಕರೆ ಇಲ್ಲಪಾ. ಒಂದು ಡಬ್ಬಿ ಅದ.”

ಹುಲಗಪ್ಪ ಅವರ ಕಡೆ ತಿರುಗಿ ಕೂತ. “ಡಬ್ಬಿ ತುಂಬ ನೀರೂ ಕೊಡವಲ್ರೇನು? ನಮ್ಮನ್ನಂತೂ ಬಿಡ್ರಿ.”

ಖುರ್ಷೀದಬೇಗಂ ಅವರ ಅರ್ಜಿ ಪದ್ಧತಿಯಂತೆಯೇ ಇತ್ತು. ‘ತಲೆಯ ಕಡೆಯವರು ನನ್ನ ಪಾಳಿಯನ್ನು ಹನ್ನೊಂದು ದಿನಗಳಿಂದ ಬಿಟ್ಟುಕೊಟ್ಟಿಲ್ಲ.’ ಮೈಸೂರಿನ ಕಡೆಯಿಂದ ಬಂದ ಇಂಜಿನಿಯರು ಅದನ್ನು ಎರಡು ಸಲ ಓದಿ ಈಶಪ್ಪನನ್ನು ಕರೆದರು.

“ಇದು ಯಾವ ಕಾಲುವೆಯ ಮೇಲೆ ಬರುತ್ತೆ?”

“ನಮ್ಮ ಮನಿ ಮ್ಯಾಗ ಬರ್ತದ್ರಿ ಸಾರ್.”

“ಪಟ್ಟಿ ಬರೆದೋರು?”

“ನಾನಽ ರೀ.”

“ಸರಿ. ನಿಯಮದ ಪ್ರಕಾರ ಮಾಡಿ.” ಅವರು ಮುಂದಿನ ಅರ್ಜಿ ಎತ್ತಿಕೊಂಡರು.

ಈಶಪ್ಪ ತನ್ನ ಹೆಸರಿನ ಮುಂದೆ ಆ ವಾಕ್ಯ ಬರೆದ. ಮುಂದಿನ ಮೂರು ಪಾಳಿ ರದ್ದು. ಲೆಕ್ಕ ಹಾಕಿದರೆ ಮೂರು ತಿಂಗಳ ಮೇಲಾಗುತ್ತಿತ್ತು. ಬೆಂಚಿನ ಮೇಲಿಂದ ಹುಲಗಪ್ಪ, “ಒಂದಽ ದಿನದಾಗ ಆತ ನೋಡ್ರಿ ಇವ್ರದು! ನಾನೂ ಒಂದು ಡಬ್ಬಿ ತರತೀನಿ,” ಎಂದ.

ಮಧ್ಯಾಹ್ನ ಈಶಪ್ಪ ಟೀಚರನ್ನು ಮನೆಗೆ ಕರೆದುಕೊಂಡು ಬಂದ. ಭಾಗಮ್ಮ ಚಹಾ ಕೊಟ್ಟಳು. ಖುರ್ಷೀದಬೇಗಂ ಚಹಾ ಮುಟ್ಟದೆ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ನನ್ನ ಕಲ್ಲಿದ್ದಲು?”

“ಉದುರ್ಯಾವ್ರಿ.”

“ಎಲ್ಲ್ಯಾವ?”

“ಕಸದಾಗ ಹೋಗ್ಯಾವ್ರಿ. ಧೂಳ ಅಂದುಕೊಂಡಿದ್ದೆ.”

“ಈಗ ಸ್ಟೇಷನ್ದಾಗ ಒಂದು ಚೂರೂ ಸಿಗಂಗಿಲ್ಲ. ಡೀಸೆಲ್ ಬಂದು ಎಷ್ಟ ವರ್ಷ ಆತು ಗೊತ್ತದಲ್ಲ?”

“ಗೊತ್ತದ್ರಿ.”

ಅವರು ಬೋಳಾದ ಜಾಗವನ್ನು ಬೆರಳಿನಿಂದ ಒಮ್ಮೆ ಸವರಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಈಶಪ್ಪನಿಗೆ ಅನಿಸಿತು. ಅವನು ಹತ್ತಿ ತಂದು ಇಂಜಿನ್ನನ್ನು ಸುತ್ತತೊಡಗಿದ. ಚಕ್ರಗಳಿಗೆ ಬೇರೆ ಹತ್ತಿ, ಚಿಮಣಿಗೆ ಬೇರೆ.

“ನಿಲ್ರಿ,” ಎಂದರು ಖುರ್ಷೀದಬೇಗಂ. “ಹತ್ತಿ ತಗೀರಿ. ಒಮ್ಮೆ ಓಡಸ್ರಿ, ನೋಡಮ.”

“ಬ್ಯಾಡ್ರಿ ಟೀಚರ್. ಉಳದದ್ದೂ ಉದುರ್ತದ.”

“ಡಬ್ಬಿ ನಂದು. ಪಾಳಿ ನಂದು. ಓಡಸ್ರಿ.”

ಈಶಪ್ಪ ಬೇಡವೆಂದು ಮತ್ತೆರಡು ಸಲ ಹೇಳಿದ. ಆಮೇಲೆ ಎರಡನ್ನೂ ಕೂಡಿಸಿ ಹಳಿಯ ಮೇಲಿಟ್ಟು, ಎಂದೂ ಓಡಿಸದಷ್ಟು ನಿಧಾನ ಓಡಿಸಿದ. ತಮ್ಮ ಮೂವತ್ತೊಂದರಲ್ಲಿ ಒಂದೂ ಚಲಿಸಿದ್ದನ್ನು ನೋಡಿರದ ಖುರ್ಷೀದಬೇಗಂ ಕುರ್ಚಿಯ ತುದಿಗೆ ಬಂದರು. ರೈಲು ರಟ್ಟಿನ ಗುಡ್ಡದ ಹಿಂದೆ ಮರೆಯಾದಾಗ ಎದ್ದು ನಿಂತರು. ಆ ಕಡೆ ಹೊರಬಂದ ಮೇಲೆ ಕೂತರು. ಮರೆಯಾದಾಗ ಮತ್ತೆ ಎದ್ದರು.

ನಾಲ್ಕನೆಯ ಸುತ್ತಿನ ತಿರುವಿನಲ್ಲಿ ಒಂದು ಕರಿಯ ಚೂರು ಹಳಿಯ ಮೇಲೆ ಬಿತ್ತು. ಮೂವರೂ ನೋಡಿದರು. ಈಶಪ್ಪನ ಕೈ ಸ್ವಿಚ್ಚಿಗೆ ಹೋಯಿತು.

“ಕೈ ತಗೀರಿ,” ಎಂದರು ಅವರು, ರೈಲಿನಿಂದ ಕಣ್ಣು ತೆಗೆಯದೆ.

ಹೊರಗೆ ಯಾದಗಿರಿಯ ಮೂರು ಗಂಟೆಯ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಭಾಗಮ್ಮ ಆರಿದ ಚಹಾವನ್ನು ಬಿಸಿ ಮಾಡಲು ಒಳಗೆ ಒಯ್ದಳು.

“ಐದಕ್ಕೊಂದು ಬಸ್ಸು ಅದಲ್ರಿ?” ಖುರ್ಷೀದಬೇಗಂ ಕೇಳಿದರು.

“ಅದರಿ. ಆರೂವರಿಗೂ ಒಂದದ,” ಎಂದ ಈಶಪ್ಪ.