ಮುಕ್ಕಳಿಸಿದ ಬಾಯಿ

"ನಿಜ ಹೇಳಿ ತಾತ, ಮತ್ತೆ ಮುಕ್ಕಳಿಸಿದ್ದೀರಿ ಅಲ್ವಾ?"

ಗಡಿಯಾರ ರಿಪೇರಿಯ ಮುದುಕರು ಇಲ್ಲವೆಂದು ತಲೆಯಾಡಿಸಿದರು. ಆದರೆ ಅವರು ಈಗಷ್ಟೇ ಉಗುಳಿಕೊಟ್ಟ ಶೀಸೆಯಲ್ಲಿ ಎಂಜಲು ತಿಳಿನೀಲಿಯಾಗಿತ್ತು. ಲ್ಯಾಬಿನಾಕೆ ಅದನ್ನು ಬೆಳಕಿಗೆ ಹಿಡಿದು ಹಣೆ ಚಚ್ಚಿಕೊಂಡಳು.

ಸೋಂಕಿನ ವಾರ್ಡಿನಲ್ಲಿ ಅವಳದು ಇದೊಂದೇ ಕೆಲಸ. ಬೆಳಗ್ಗೆ ರೋಗಿಗಳು ಬಾಯಿಗೆ ಏನಾದರೂ ಹಾಕುವ ಮೊದಲು ಒಂದು ಶೀಸೆ ಎಂಜಲು. ನೀಲಿ ಔಷಧದಲ್ಲಿ ಒಂದು ನಿಮಿಷ ಮುಕ್ಕಳಿಸಿದ ಮೇಲೆ ಇನ್ನೊಂದು. ಅರ್ಧ ಗಂಟೆಗೆ, ಗಂಟೆಗೆ ಮತ್ತೆರಡು. ಔಷಧದಿಂದ ಎಂಜಲಿನಲ್ಲಿ ವೈರಸ್ ಎಷ್ಟು ಇಳಿಯುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಏರುತ್ತದೆ ಎಂದು ನೋಡಬೇಕಿತ್ತು. ಈ ಒಬ್ಬರದು ಮಾತ್ರ ಮೂರು ದಿನದಿಂದ ಮೊದಲ ಶೀಸೆಯಲ್ಲೇ ವೈರಸ್ ಇಳಿದಿರುತ್ತಿತ್ತು.

ಅವಳು ದಿಂಬು ಎತ್ತಿದಳು. ಔಷಧದ ಬಾಟಲಿ ಬಹುತೇಕ ಖಾಲಿ.

"ಇದು ವಾರಕ್ಕಂತ ಕೊಟ್ಟಿದ್ದು! ಶರಬತ್ತು ಅಂದ್ಕೊಂಡ್ರಾ? ನಾಲಿಗೆ ತೋರಿಸಿ."

ನಾಲಿಗೆ ಕೆಂಪಗೆ ಸುಲಿದುಹೋಗಿತ್ತು.

"ಎದುರು ವಾರ್ಡಲ್ಲಿ ನಮ್ಮನೆಯವಳಿದ್ದಾಳೆ ತಾಯಿ," ಎಂದರು ಮುದುಕರು. "ಸೊಂಟದ ಆಪರೇಷನ್ ಆಗಿದೆ. ಅವಳ ತಮ್ಮ ಸೋಮವಾರ ತೀರ್ಕೊಂಡ. ಅವಳಿಗಿನ್ನೂ ಗೊತ್ತಿಲ್ಲ. ನಾನೇ ಹೇಳಬೇಕು."

"ಮಾಸ್ಕ್ ಹಾಕ್ಕೊಂಡು ದೂರ ನಿಂತು ಹೇಳಿ. ನಾನೇ ಡಾಕ್ಟರನ್ನ ಕೇಳ್ತೀನಿ."

"ಅವಳಿಗೆ ಕಿವಿ ಪೂರಾ ಹೋಗಿದೆ. ತುಟಿ ನೋಡೇ ಮಾತು ತಿಳ್ಕೊಳ್ಳೋದು."

"ಬರೆದು ಕಳಿಸಿ."

"ಎತ್ತಿ ಆಡಿಸಿದ ತಮ್ಮ ಅವನು. ಅದನ್ನ ಚೀಟೀಲಿ ಕಳಿಸ್ಲಾ? ನಮ್ಮ ಅಳಿಯ ಸಂಜೆ ಬಂದು ಅದನ್ನೇ ಮಾಡ್ತಾನಂತೆ. ಅಷ್ಟರೊಳಗೆ ಈ ಬಾಯಿ ಶುದ್ಧ ಆಗ್ಬೇಕು."

"ಅಯ್ಯೋ, ಇದರಿಂದ ರೋಗ ಹೋಗಲ್ಲ ತಾತ! ಬಾಯಲ್ಲಿ ಸ್ವಲ್ಪ ಹೊತ್ತು ಕಡಿಮೆ ಆಗುತ್ತೆ, ಅಷ್ಟೇ. ಅರ್ಧ ಗಂಟೆ ಅಂತ ಇಟ್ಕೊಳ್ಳಿ. ಆಮೇಲೆ ಗಂಟಲಿಂದ ಮತ್ತೆ ಬರುತ್ತೆ."

"ಅರ್ಧ ಗಂಟೆ ಧಾರಾಳ ಆಯ್ತು. ನಂಗೆ ಹೇಳೋಕಿರೋದು ಒಂದೇ ಮಾತು."

"ಕಡಿಮೆ ಅಂದ್ರೆ ಇಲ್ಲ ಅಂತಲ್ಲ! ಆಪರೇಷನ್ ಆದ ಮೈಗೆ ಇದೂ ಅಂಟಿದ್ರೆ?"

"ಹಾಗಾದ್ರೆ ಇನ್ನೊಂದ್ಸಲ ಮುಕ್ಕಳಿಸಿಬಿಡ್ತೀನಿ."

ಅವಳು ಬಾಟಲಿಯನ್ನು ಕಿತ್ತುಕೊಂಡು ಎದ್ದಳು. ಬಾಗಿಲ ತನಕ ಹೋದವಳು ಹಾಗೇ ನಿಂತುಬಿಟ್ಟಳು. ವಾರ್ಡಿನ ಬಾಗಿಲಿಗೆ ಮೇಲಿಂದ ಕೆಳಗಿನವರೆಗೆ ಗಾಜು.

"ತಾತ, ಅವರಿಗೆ ಕಿವಿ ಕೇಳಲ್ಲ, ತುಟಿ ಕಂಡ್ರೆ ಸಾಕು ಅಂದ್ರಲ್ಲ?"

"ಹೌದು."

"ಮತ್ತೆ ಗಾಜಿನ ಈಚೆ ನಿಂತು ಹೇಳಿದ್ರೆ ಏನಾಗುತ್ತೆ? ದೇವರೇ! ಮೂರು ದಿನ ನಾಲಿಗೆ ಸುಟ್ಕೊಂಡು, ನನ್ನ ಶೀಸೆನೆಲ್ಲ ಹಾಳು ಮಾಡಿ... ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಬೈತೀರಿ ಅಂತ ಸುಮ್ಮನಿದ್ದೆ."

"ಈಗ ಬೈತಿಲ್ವಾ?"

ಮಧ್ಯಾಹ್ನ ನರ್ಸೊಬ್ಬಳು ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಂದು ಬಾಗಿಲಾಚೆ ನಿಲ್ಲಿಸಿದಳು. ಮುದುಕರು ಮಾಸ್ಕ್ ಇಳಿಸಿ, ಗಾಜಿಗೆ ಮುಖ ಒತ್ತುವಷ್ಟು ಹತ್ತಿರ ಹೋಗಿ ಮಾತು ಶುರುಮಾಡಿದರು. ಉಸಿರಿಗೆ ಗಾಜು ಮಂಜಾಯಿತು. ಅಜ್ಜಿ ಹುಬ್ಬು ಗಂಟಿಕ್ಕಿ, ಕೈಬೀಸಿ, ಹಿಂದಕ್ಕೆ ಹೋಗಿ ಎಂದು ಗದರಿದರು.

ಮುದುಕರು ತೋಳಿನಿಂದ ಗಾಜು ಒರೆಸಿ ಒಂದು ಹೆಜ್ಜೆ ಹಿಂದೆ ಸರಿದರು. ಅಜ್ಜಿಯ ಕೈ ಇನ್ನೂ ಬೀಸುತ್ತಿತ್ತು. ಇನ್ನೊಂದು ಹೆಜ್ಜೆ ಸರಿದು, ನೆಟ್ಟಗೆ ನಿಂತು, ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಮೊದಲಿಂದ ಹೇಳಿದರು.

ಬೀಸುತ್ತಿದ್ದ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತು.